ಎರಡು ‘ನಾವು’

ಇವತ್ತಿಗೆ ಒಂಬತ್ತು ದಿನವಾಯಿತು. ಬೆಳಿಗ್ಗೆ ಎದ್ದ ಕೂಡಲೇ ನಾಲಿಗೆಯಡಿ ಥರ್ಮಾಮೀಟರ್ ಇಟ್ಟುಕೊಂಡು ಸುಮ್ಮನೆ ಕೂರುತ್ತೇನೆ. ಆಮೇಲೆ ಕನ್ನಡಿಯ ಮುಂದೆ ನಿಂತು, ಬಾಯಿ ಅಗಲಿಸಿ, ಟಾರ್ಚ್ ಹಿಡಿದು ಗಂಟಲು ನೋಡಿಕೊಳ್ಳುತ್ತೇನೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತೇನೆ: 97.8. ಕೆಮ್ಮಿಲ್ಲ. ಗಂಟಲು ಕೆಂಪಿಲ್ಲ. ಸಂಜೆ ಮತ್ತೆ ಇದೇ ಕ್ರಮ. ಎಂಟು ವರ್ಷ ನರ್ಸ್ ಆಗಿ ಕಂಡವರ ಗಂಟಲನ್ನೆಲ್ಲ ನೋಡಿದವಳು ನಾನು. ನನ್ನ ಗಂಟಲನ್ನು ಇಷ್ಟೊಂದು ಅನುಮಾನದಿಂದ ನೋಡುತ್ತಿರುವುದು ಇದೇ ಮೊದಲು.

ಇನ್ನೈದು ದಿನಕ್ಕೆ ನಾವು ನಾಲ್ವರು ಹೊರಡುತ್ತೇವೆ. ಬಸ್ಸಿನ ದಾರಿ ಮುಗಿದ ಮೇಲೆ ಒಂದೂವರೆ ದಿನದ ನಡಿಗೆ, ಕೊನೆಗೊಂದು ಹೊಳೆ. ಹೊಳೆಯಾಚೆಯ ಸಮುದಾಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಅವರನ್ನು ಕೇಳಿಲ್ಲ. ಕೇಳೋಣವೆಂದರೆ, ಯಾರೋ ಎಲ್ಲೋ ಕುಳಿತು ಇದನ್ನು ಓದುತ್ತಾರೆ ಎಂಬುದನ್ನು ಬಿಡಿಸಿ ಹೇಳುವಷ್ಟು ಅವರ ಮಾತು ನನಗಿನ್ನೂ ಬಂದಿಲ್ಲ. ಹೊರಗಿನವರನ್ನೇ ಕಾಣದ ಜನರೇನೂ ಅವರಲ್ಲ. ವರ್ಷದಲ್ಲಿ ನಾಲ್ಕಾರು ಬಾರಿ ಹೊಳೆ ದಾಟಿ ಬಂದು ಬೇಕಾದ್ದನ್ನು ಕೊಂಡೊಯ್ಯುತ್ತಾರೆ. ಆದರೆ ಅವರಿರುವಲ್ಲಿಗೆ ಹೋಗಿ ಬಂದ ಹೊರಗಿನವರನ್ನು ಎರಡು ಕೈಗಳ ಬೆರಳಲ್ಲೇ ಎಣಿಸಬಹುದು. ನಾವು ಹೋಗುತ್ತಿರುವುದು ಸುವಾರ್ತೆಯ ಸೇವೆಗೆ, ಅಂದರೆ ಯೇಸುವಿನ ಸಂದೇಶ ಸಾರಲು. ಅದನ್ನು ಮುಚ್ಚಿಟ್ಟು ಬೇರೇನೋ ಹೆಸರು ಕೊಟ್ಟರೆ ಇಲ್ಲಿಂದಾಚೆ ಬರೆಯುವುದೆಲ್ಲ ಸುಳ್ಳಾಗುತ್ತದೆ.

ನಮ್ಮ ಚರ್ಚಿನ ಸಭೆಯಲ್ಲಿ ಯಾರಾದರೂ ‘ಸಿದ್ಧತೆ ಎಲ್ಲಿಯವರೆಗೆ ಬಂತು?’ ಎಂದು ಕೇಳಿದರೆ ನಾವು ಒಂದು ಪಟ್ಟಿ ಒಪ್ಪಿಸುತ್ತೇವೆ. ಮಲೇರಿಯಾ ಮಾತ್ರೆ, ನೀರು ಸೋಸುವ ಸಾಧನ, ಹಾವು ಕಚ್ಚಿದರೆ ಏನು ಮಾಡಬೇಕೆಂಬ ಎರಡು ದಿನದ ತರಬೇತಿ, ಸೌರ ದೀಪ, ಉಪಗ್ರಹ ಫೋನ್. ಒಂದು ನಮೂನೆಯೂ ಇತ್ತು: ನನಗೇನಾದರೂ ಆದರೆ ದೇಹವನ್ನು ತರಲು ಇನ್ನೊಬ್ಬರ ಜೀವವನ್ನು ಅಪಾಯಕ್ಕೆ ಒಡ್ಡಬಾರದು ಎಂದು ಬರೆದು ಸಹಿ ಹಾಕುವುದು. ಅದಕ್ಕೆ ಸಹಿ ಹಾಕಿದ ರಾತ್ರಿ ನನಗೆ ನನ್ನ ಮೇಲೇ ಬಹಳ ಹೆಮ್ಮೆ ಬಂದಿತ್ತು. ಈಗ ಆ ಹೆಮ್ಮೆಯನ್ನು ನೆನೆದರೆ ನಾಚಿಕೆಯಾಗುತ್ತದೆ. ಎರಡು ವರ್ಷದ ತಯಾರಿಯಲ್ಲಿ ಮುಕ್ಕಾಲು ಪಾಲು ‘ನಮಗೆ ಏನಾದೀತು’ ಎಂಬುದರ ಸುತ್ತಲೇ ಸುತ್ತಿತು. ನಮ್ಮಿಂದ ಏನಾದೀತು ಎಂಬುದಕ್ಕೆ ಒಂದು ಮಧ್ಯಾಹ್ನ ಸಿಕ್ಕಿತು. ಅದೂ ಊಟವಾದ ಮೇಲಿನ ತೂಕಡಿಕೆಯ ಹೊತ್ತು.

ತರಬೇತಿಯಲ್ಲಿ ಒಂದು ನಾಟಕವಿರುತ್ತಿತ್ತು. ನಮ್ಮಲ್ಲೇ ಅರ್ಧ ಮಂದಿ ಬುಡಕಟ್ಟಿನವರಾಗಬೇಕು, ಉಳಿದವರು ಮಿಷನರಿಗಳಾಗಿ ಕಾಡಿನಿಂದ ಬರಬೇಕು. ಬುಡಕಟ್ಟಿನವರಾದವರು ಕೋಲುಗಳನ್ನು ಈಟಿಯಂತೆ ಹಿಡಿದು, ಬಾಯಿಗೆ ಬಂದ ಶಬ್ದಗಳನ್ನು ಕೂಗುತ್ತಾ ಎದುರಾಗುತ್ತಿದ್ದರು. ನಾನು ಎರಡೂ ಕಡೆ ಪಾತ್ರ ಮಾಡಿದ್ದೇನೆ. ಕೂಗುವ ಪಾತ್ರವೇ ಹೆಚ್ಚು ಖುಷಿ ಕೊಟ್ಟಿತು ಎಂದು ಒಪ್ಪಿಕೊಳ್ಳಬೇಕು. ಎಷ್ಟೋ ದಿನಗಳ ಮೇಲೆ ನನಗೆ ಹೊಳೆದದ್ದು ಇಷ್ಟು: ನಮ್ಮ ಆ ನಾಟಕದ ಹಳ್ಳಿಯಲ್ಲಿ ಯಾರಿಗೂ ಬೇರೆ ಕೆಲಸವೇ ಇರಲಿಲ್ಲ. ಯಾರೂ ನೀರು ಹೊರುತ್ತಿರಲಿಲ್ಲ, ಯಾರ ಕಂಕುಳಲ್ಲೂ ಮಗುವಿರಲಿಲ್ಲ, ಯಾರಿಗೂ ನೆರೆಮನೆಯವರೊಡನೆ ಹಳೆಯ ವೈಮನಸ್ಯವಿರಲಿಲ್ಲ. ಇಡೀ ಹಳ್ಳಿ ಎದ್ದು ನಿಂತದ್ದು ನಮ್ಮನ್ನು ತಡೆಯುವುದಕ್ಕೆ, ಇಲ್ಲವೇ ಕೊನೆಯ ದೃಶ್ಯದಲ್ಲಿ ನಮ್ಮನ್ನು ಸ್ವೀಕರಿಸುವುದಕ್ಕೆ.

ಭಾಷೆಯ ಪಾಠ ಮಾತ್ರ ನಾಟಕವಲ್ಲ. 1934ರಲ್ಲಿ ಕ್ಯಾಮರಾನ್ ಟೌನ್‌ಸೆಂಡ್ ಅಮೆರಿಕದ ಅರ್ಕನ್ಸಾಸ್‌ನಲ್ಲಿ ಒಂದು ಬೇಸಿಗೆ ಶಿಬಿರ ತೆರೆದರು. ಲಿಪಿಯಿಲ್ಲದ ಭಾಷೆಗಳನ್ನು ಕಲಿತು, ಬರೆದು, ಸತ್ಯವೇದವನ್ನು, ಅಂದರೆ ಬೈಬಲನ್ನು, ಅನುವಾದಿಸುವವರಿಗಾಗಿ ತೆರೆದದ್ದು. ಮೊದಲ ವರ್ಷ ಬಂದ ವಿದ್ಯಾರ್ಥಿಗಳು ಇಬ್ಬರೇ. ಮರುವರ್ಷ ಸೇರಿದ ಕೆನೆತ್ ಪೈಕ್ ಮುಂದೆ ದೊಡ್ಡ ಭಾಷಾವಿಜ್ಞಾನಿಯಾದರು. ಎಂದೂ ಕೇಳದ ಭಾಷೆಯನ್ನಾಡುವ ಒಬ್ಬರನ್ನು ವೇದಿಕೆಗೆ ಕರೆದು, ದುಭಾಷಿಯಿಲ್ಲದೆ, ಒಂದು ಕೋಲು ಮತ್ತು ಒಂದು ಎಲೆ ಹಿಡಿದುಕೊಂಡು ಗಂಟೆಯೊಳಗೆ ಆ ಭಾಷೆಯ ವ್ಯಾಕರಣದ ಎಳೆಗಳನ್ನು ಬಿಡಿಸಿ ತೋರಿಸುತ್ತಿದ್ದರು. ನಮಗೆ ಕಲಿಸಿದ್ದೂ ಅದೇ ವಿಧಾನ: ತೋರಿಸಿ, ಅವರು ಏನೆನ್ನುತ್ತಾರೋ ಎಂದು ಕಾಯುವುದು. ಕೋಲು ತೋರಿಸು, ಕಾಯಿ. ಎರಡು ಕೋಲು ತೋರಿಸು, ಕಾಯಿ. ಕೋಲು ಬೀಳಿಸು, ಕಾಯಿ.

ನನಗೆ ಕಲಿಸಿದವಳು ಆ ಸಮುದಾಯದಲ್ಲೇ ಹುಟ್ಟಿ, ಮದುವೆಯಾಗಿ ಹೊರಗೆ ಬಂದವಳು. ಅಕ್ಕ ಎಂದು ಕರೆಯುತ್ತೇನೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳಿದ್ದರೂ. ನಾನು ಒಂದು ಪದವನ್ನು ನಾಲ್ಕೈದು ಸಲ ಉಚ್ಚರಿಸಿದ ಮೇಲೆ ಅವಳು ಪ್ರತಿ ಬಾರಿಯೂ ತಲೆಯಾಡಿಸಿ ಒಂದು ಚಿಕ್ಕ ಶಬ್ದ ಹೇಳುತ್ತಿದ್ದಳು. ನಾನು ಪುಸ್ತಕದಲ್ಲಿ ಅದರೆದುರು ‘ಚೆನ್ನಾಗಿದೆ’ ಎಂದು ಬರೆದುಕೊಂಡೆ. ಮೂರು ವಾರ ಅದನ್ನು ಧಾರಾಳವಾಗಿ ಬಳಸಿದೆ. ಅವಳ ಮನೆ ನೋಡಿ ಹೇಳಿದೆ, ಅವಳು ಹಾಡಿದಾಗ ಹೇಳಿದೆ, ಅವಳ ಮೂರನೆಯ ಮಗುವನ್ನು ಎತ್ತಿಕೊಂಡು ಕೆನ್ನೆ ಹಿಂಡಿ ಹೇಳಿದೆ. ಆ ದಿನ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಪದದ ಅರ್ಥ ‘ಸಾಕು’.

ಆದರೆ ನಾನು ಬರೆಯಲು ಹೊರಟದ್ದು ಇನ್ನೊಂದು ಪದದ ಬಗ್ಗೆ.

ಅವರ ಮಾತಿನಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಪದಗಳಿವೆ. ಕೇಳುವವನನ್ನೂ ಸೇರಿಸಿಕೊಂಡ ‘ನಾವು’ ಒಂದು, ಕೇಳುವವನನ್ನು ಬಿಟ್ಟ ‘ನಾವು’ ಇನ್ನೊಂದು. ತುಳು ಬಲ್ಲವರಿಗೆ ಇದು ಹೊಸದಲ್ಲ: ನಮ, ಎಂಕುಲು. ತೆಲುಗಿನವರಿಗೆ ಮನಮು, ಮೇಮು. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಹೀಗಿದೆ. ಕನ್ನಡದಲ್ಲಿ ನಾವು ಒಂದೇ ‘ನಾವು’ ಇಟ್ಟುಕೊಂಡು, ಉಳಿದದ್ದನ್ನು ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ‘ನಾಳೆ ನಾವು ಹೊರಡುತ್ತೇವೆ’ ಎಂದು ಯಾರಾದರೂ ಹೇಳಿದರೆ, ಕೇಳಿದವನು ಚೀಲ ಕಟ್ಟಬೇಕೋ ಬೀಳ್ಕೊಡಬೇಕೋ ಎಂಬುದು ಹೇಳಿದವನ ಕಣ್ಣಿನಲ್ಲಿರುತ್ತದೆ, ಪದದಲ್ಲಿರುವುದಿಲ್ಲ.

ಅನುವಾದಕರಿಗೆ ಇದೊಂದು ಹಳೆಯ ತಲೆನೋವು. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಬಿರುಗಾಳಿ ಎದ್ದಾಗ ಯೇಸು ದೋಣಿಯಲ್ಲಿ ಮಲಗಿರುತ್ತಾನೆ. ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ ಎಂದು ಶಿಷ್ಯರು ಎಬ್ಬಿಸುತ್ತಾರೆ. ಯಾವ ‘ನಾವು’? ನೀನೂ ನಮ್ಮ ಜೊತೆ ಮುಳುಗುತ್ತೀಯ ಎಂದೋ? ನೀನು ಹೇಗೂ ಉಳಿಯುತ್ತೀಯ, ನಮ್ಮ ಗತಿಯೇನು ಎಂದೋ? ಮೂಲದ ಗ್ರೀಕಿನಲ್ಲಿ ಆ ಭೇದವಿಲ್ಲ. ಎರಡು ‘ನಾವು’ ಇರುವ ಭಾಷೆಗೆ ತರುವವನು ಮಾತ್ರ ಒಂದನ್ನು ಆರಿಸಲೇಬೇಕು. ಆರಿಸಿದ ಗಳಿಗೆಯಲ್ಲೇ ಶಿಷ್ಯರ ಮನಸ್ಸಿನಲ್ಲಿ ಏನಿತ್ತೆಂದು ತೀರ್ಪು ಕೊಟ್ಟಂತಾಗುತ್ತದೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲೂ ಅಷ್ಟೇ. ‘ನಮ್ಮ ಪಾಪಗಳನ್ನು ಕ್ಷಮಿಸು’ ಎನ್ನುವಲ್ಲಿ ಕೇಳುವವನನ್ನು ಸೇರಿಸಿಕೊಂಡ ‘ನಾವು’ ಬಂದರೆ, ಕೇಳುತ್ತಿರುವವನು ದೇವರು. ಅವನನ್ನೂ ಪಾಪಿಗಳ ಸಾಲಿಗೆ ಕೂರಿಸಿದಂತೆ.

ನಾನು ಎಡವಿದ್ದು ಇದಕ್ಕಿಂತ ಸುಲಭದ ಜಾಗದಲ್ಲಿ. ‘ನಾವೆಲ್ಲರೂ ಪಾಪಿಗಳು’ ಎಂಬ ವಾಕ್ಯವನ್ನು ಕಟ್ಟಿ, ಬಾಯಿಪಾಠ ಮಾಡಿ, ಅಕ್ಕನೆದುರು ಗಂಭೀರವಾಗಿ ಒಪ್ಪಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಅಷ್ಟೇ ಗಂಭೀರವಾಗಿ, ‘ಅದು ನಮ್ಮವರಿಗೆ ಮೊದಲೇ ಗೊತ್ತಿದೆ’ ಎಂದಳು. ನಾನು ಹೇಳಿದ್ದು ಕೇಳುವವರನ್ನು ಬಿಟ್ಟ ‘ನಾವು’. ಅಂದರೆ ಹೊರಗಿನಿಂದ ಬಂದ ನಾವೆಲ್ಲರೂ ಪಾಪಿಗಳು.

ಆಮೇಲೆ ನನ್ನ ನೋಟ್‌ಪುಸ್ತಕವನ್ನು ಮೊದಲಿನಿಂದ ತಿರುವಿ ನೋಡಿದೆ. ಎರಡು ವರ್ಷದಲ್ಲಿ ನಾನು ಕಟ್ಟಿದ ವಾಕ್ಯಗಳಲ್ಲಿ ಸೇರಿಸಿಕೊಳ್ಳುವ ‘ನಾವು’ ಒಂದೂ ಇರಲಿಲ್ಲ. ನಾವು ಬಂದಿದ್ದೇವೆ. ನಾವು ತಂದಿದ್ದೇವೆ. ನಾವು ಹೇಳುತ್ತೇವೆ. ನಾವು ಕೊಡುತ್ತೇವೆ.

ನಮ್ಮ ವಲಯದಲ್ಲಿ ಬೆಳೆದವರೆಲ್ಲ ಭಾನುವಾರದ ಶಾಲೆಯಲ್ಲಿ ಕೇಳಿದ ಒಂದು ಕಥೆಯಿದೆ. 1956ರ ಜನವರಿ 8ರಂದು ಈಕ್ವಡಾರ್‌ನ ಕುರಾರಾಯ್ ನದಿಯ ಮರಳ ದಿಬ್ಬದ ಮೇಲೆ ಅಮೆರಿಕದ ಮಿಷನರಿಗಳಾದ ಜಿಮ್ ಎಲಿಯಟ್, ನೇಟ್ ಸೇಂಟ್ ಮತ್ತು ಅವರ ಮೂವರು ಸಂಗಡಿಗರು ವಾವೊರಾನಿ ಜನರ ಈಟಿಗೆ ಬಲಿಯಾದರು. ಅವರ ಸಿದ್ಧತೆ ಸಾಮಾನ್ಯದ್ದಲ್ಲ. ನೇಟ್ ಸೇಂಟ್ ತನ್ನ ಪುಟ್ಟ ವಿಮಾನವನ್ನು ಸುತ್ತು ಹೊಡೆಸುತ್ತಾ ಉದ್ದದ ಹಗ್ಗದ ತುದಿಗೆ ಬಕೆಟ್ ಇಳಿಬಿಡುತ್ತಿದ್ದ; ಸುತ್ತಿನ ನಡುವೆ ಬಕೆಟ್ ಕದಲದೆ ನಿಲ್ಲುತ್ತಿತ್ತು. ವಾರಗಟ್ಟಲೆ ಹೀಗೆ ಉಡುಗೊರೆಗಳು ಇಳಿದವು. ಕೆಳಗಿನವರೂ ಸುಮ್ಮನಿರಲಿಲ್ಲ, ಒಮ್ಮೆ ಜೀವಂತ ಗಿಳಿಯನ್ನೇ ಕಟ್ಟಿ ಕಳುಹಿಸಿದರು. ಭಾಷೆಯ ನಾಲ್ಕು ಮಾತು ಕಲಿತದ್ದು ಡಯೂಮಾ ಎಂಬ ವಾವೊರಾನಿ ಹೆಂಗಸಿನಿಂದ. ಅವಳು ತನ್ನವರನ್ನು ಬಿಟ್ಟು ಬಂದು ವರ್ಷಗಳಾಗಿದ್ದವು, ಅವಳ ಮಾತಿನಲ್ಲಿ ಕಿಚ್ವಾ ಭಾಷೆ ಬೆರೆತುಹೋಗಿತ್ತು. ಅಕ್ಕನೆದುರು ಕೂತಾಗಲೆಲ್ಲ ನನಗೆ ಡಯೂಮಾ ನೆನಪಾಗುತ್ತಾಳೆ.

ಶಾಲೆಯಲ್ಲಿ ಈ ಕಥೆ ಈಟಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಟೀಚರ್ ಕಣ್ಣೊರೆಸಿಕೊಂಡು ರಕ್ತಸಾಕ್ಷಿಗಳ ಬಗ್ಗೆ ಹೇಳುತ್ತಿದ್ದರು. ಈಟಿ ಎತ್ತಿದವರ ಕಡೆಯಿಂದ ಏನಾಗಿತ್ತು ಎಂಬುದನ್ನು ನಾನು ಓದಿಕೊಂಡದ್ದು ಬಹಳ ತಡವಾಗಿ. ಎರಡು ದಿನ ಮೊದಲು ಮೂವರು ವಾವೊರಾನಿಗಳು ಆ ದಿಬ್ಬಕ್ಕೆ ಬಂದು ಹೋಗಿದ್ದರು: ಒಬ್ಬ ಯುವಕ, ಒಬ್ಬ ಯುವತಿ, ಒಬ್ಬ ಹಿರಿಯ ಹೆಂಗಸು. ಆ ಯುವಕ ಯುವತಿಯರ ಸಂಬಂಧಕ್ಕೆ ಮನೆಯವರ ವಿರೋಧವಿತ್ತು. ಅವರಿಬ್ಬರೇ ಮರಳುತ್ತಿರುವುದು ಕಣ್ಣಿಗೆ ಬಿದ್ದಾಗ, ತಪ್ಪಿಸಿಕೊಳ್ಳಲು ಯುವಕ ಹೊರಗಿನವರು ನಮ್ಮ ಮೇಲೆ ಬಿದ್ದರು ಎಂದು ಸುಳ್ಳು ಹೇಳಿದ ಎಂಬುದನ್ನು ಮುಂದೆ ವಾವೊರಾನಿಗಳೇ ತಿಳಿಸಿದರು. ನಮ್ಮ ನಾಟಕದ ಹಳ್ಳಿಯಲ್ಲಿ ಇಂಥ ಯುವಕನಿರಲಿಲ್ಲ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. 1958ರಲ್ಲಿ ನೇಟ್‌ನ ಅಕ್ಕ ರೇಚೆಲ್ ಸೇಂಟ್ ಮತ್ತು ಜಿಮ್‌ನ ಹೆಂಡತಿ ಎಲಿಸಬೆತ್ ತನ್ನ ಪುಟ್ಟ ಮಗಳೊಂದಿಗೆ ಅದೇ ಜನರ ನಡುವೆ ಬದುಕಲು ಹೋದರು. ಅವರಲ್ಲಿ ತಲೆಮಾರುಗಳಿಂದ ನಡೆದು ಬಂದಿದ್ದ ಸೇಡಿನ ಕೊಲೆಗಳು ಇಳಿದವು. ಇದನ್ನು ಯಾರೂ ಸಣ್ಣದೆನ್ನಲಾರರು. ಆದರೆ ಚದುರಿ ಬಾಳುತ್ತಿದ್ದ ಗುಂಪುಗಳು ಮಿಷನ್ನಿನ ನೆಲೆಯ ಸುತ್ತ ಒಂದೆಡೆ ಸೇರಿದ್ದವು. 1969ರಲ್ಲಿ ಅಲ್ಲಿಗೆ ಪೋಲಿಯೊ ಬಂತು. ಆ ಭಾಗ ನಮಗೆ ಯಾರೂ ಹೇಳಲಿಲ್ಲ. ಈಟಿಗೆ ಎದೆಯೊಡ್ಡಿದ ಕಥೆಗೆ ಇರುವ ಹೊಳಪು ಕಾಯಿಲೆ ಹರಡಿದ ಕಥೆಗೆ ಇಲ್ಲ.

ನನ್ನಂಥ ನರ್ಸ್‌ಗೆ ಹೆಚ್ಚು ಚುಚ್ಚುವುದು ಇನ್ನೂ ಹಳೆಯ ಸಂಗತಿ. ಮಾರ್ಕಸ್ ವಿಟ್‌ಮನ್ ವೈದ್ಯ, ಮಿಷನರಿ. 1836ರಿಂದ ಅಮೆರಿಕದ ಒರೆಗಾನ್ ಸೀಮೆಯಲ್ಲಿ ಕಯೂಸ್ ಜನರ ನಡುವೆ ನೆಲೆ ಹೂಡಿದ್ದ. 1847ರಲ್ಲಿ ದಡಾರ ಬಂತು. ಅವನು ಹಗಲಿರುಳು ಎರಡೂ ಕಡೆಯವರನ್ನು ನೋಡಿದ. ವಲಸೆ ಬಂದ ಬಿಳಿಯರ ಮಕ್ಕಳಲ್ಲಿ ಹೆಚ್ಚಿನವು ಚೇತರಿಸಿಕೊಂಡವು, ಕಯೂಸ್ ಮಕ್ಕಳು ಸಾಲುಸಾಲಾಗಿ ಸತ್ತವು. ಒಂದೇ ಔಷಧಿ, ಒಂದೇ ಕೈ, ಎರಡು ಫಲ. ಇವನೇ ವಿಷ ಹಾಕುತ್ತಿದ್ದಾನೆ ಎಂದು ಕಯೂಸ್‌ಗಳಿಗೆ ಅನಿಸಿದ್ದರಲ್ಲಿ ಆಶ್ಚರ್ಯವೇನು? ನವೆಂಬರ್ 29ರಂದು ವಿಟ್‌ಮನ್‌ನನ್ನೂ ಅವನ ಹೆಂಡತಿಯನ್ನೂ ಇನ್ನೂ ಹಲವರನ್ನೂ ಕೊಂದರು. 1850ರಲ್ಲಿ ಐವರು ಕಯೂಸ್‌ಗಳನ್ನು ಗಲ್ಲಿಗೇರಿಸಿದರು.

ದಡಾರ ಎಷ್ಟು ಚುರುಕು ಎಂಬುದು ನಮ್ಮ ಪಾಠದಲ್ಲೇ ಇತ್ತು: ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹರಡುತ್ತದೆ. ಪಾಠದಲ್ಲಿ ಇಲ್ಲದ್ದು, ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಹೊಳೆಯುವಂಥದ್ದು ಒಂದಿದೆ. ರೋಗಿಯನ್ನು ಉಳಿಸುವುದರಲ್ಲಿ ಅರ್ಧ ಪಾಲು ಔಷಧಿಯದಲ್ಲ. ನೀರು ಕುಡಿಸುವವರದು, ಮಗ್ಗುಲು ಬದಲಿಸುವವರದು, ಮೈ ಒರೆಸುವವರದು. ಚಿಕ್ಕ ಹಳ್ಳಿಯಲ್ಲಿ ಎಲ್ಲರೂ ಒಂದೇ ವಾರ ಮಲಗಿಬಿಟ್ಟರೆ ಹೊಳೆಯಿಂದ ನೀರು ತರುವವರು ಯಾರು?

ಇನ್ನು 2018. ಆ ವರ್ಷ ನವೆಂಬರ್‌ನಲ್ಲಿ 26 ವರ್ಷದ ಅಮೆರಿಕನ್ ಮಿಷನರಿ ಜಾನ್ ಅಲೆನ್ ಚೌ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಕೊಲೆಯಾದ. 1956ರ ಬುಡಕಟ್ಟು ಸಂರಕ್ಷಣಾ ನಿಯಮಾವಳಿಯ ಪ್ರಕಾರ ಅಲ್ಲಿಗೆ ಹೋಗುವುದೇ ಅಪರಾಧ. ಮೀನುಗಾರರಿಗೆ ಹಣ ಕೊಟ್ಟು ಕದ್ದು ಹೋದ. ಜಗತ್ತು ಅವನನ್ನು ಹುಚ್ಚನೆಂದು ನಕ್ಕಿತು. ನನಗೆ ನಗಲಾಗಲಿಲ್ಲ, ಯಾಕೆಂದರೆ ಅವನ ಪಟ್ಟಿ ನನ್ನ ಪಟ್ಟಿಯಂತೆಯೇ ಇತ್ತು. ಭಾಷಾವಿಜ್ಞಾನ ಕಲಿತಿದ್ದ, ತುರ್ತು ಚಿಕಿತ್ಸೆ ಕಲಿತಿದ್ದ, ಲಸಿಕೆ ಹಾಕಿಸಿಕೊಂಡಿದ್ದ, ಅಣಕು ಹಳ್ಳಿಯ ನಾಟಕವನ್ನೂ ಮುಗಿಸಿದ್ದ. ಹೊರಡುವ ಮೊದಲು 11 ದಿನ ಒಂದು ಮನೆಯಲ್ಲಿ ಒಂಟಿಯಾಗಿ ಕೂತಿದ್ದ, ರೋಗ ಹೊತ್ತೊಯ್ಯಬಾರದೆಂದು. ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, 11 ದಿನ ಸಾಕೆಂದುಕೊಂಡ. ಫ್ಲೂ ನಾಲ್ಕು ದಿನದೊಳಗೆ ತೋರಿಸಿಕೊಳ್ಳುತ್ತದೆ ನಿಜ. ಸೀತಾಳೆ ಸಿಡುಬು, ದಡಾರಗಳಿಗೆ ಎರಡು ಮೂರು ವಾರ ಬೇಕಾಗಬಹುದು. ನಮ್ಮ ಗಂಟಲಲ್ಲಿ ನಮಗೇನೂ ಮಾಡದೆ ಮನೆ ಮಾಡಿಕೊಂಡಿರುವ ಜೀವಾಣುಗಳಿಗಂತೂ ಎಷ್ಟು ದಿನ ಬಾಗಿಲು ಹಾಕಿಕೊಂಡು ಕೂತರೂ ಅಷ್ಟೇ.

ಆ ದ್ವೀಪಕ್ಕೂ ಒಂದು ನೆನಪಿದ್ದೀತು. 1880ರಲ್ಲಿ ಮಾರಿಸ್ ಪೋರ್ಟ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿಂದ ಆರು ಜನರನ್ನು ಹಿಡಿದು ಪೋರ್ಟ್ ಬ್ಲೇರ್‌ಗೆ ತಂದ: ವಯಸ್ಸಾದ ದಂಪತಿ, ನಾಲ್ಕು ಮಕ್ಕಳು. ಎಲ್ಲರೂ ಕಾಯಿಲೆ ಬಿದ್ದರು, ದಂಪತಿ ಸತ್ತರು. ಮಕ್ಕಳಿಗೆ ಕೈತುಂಬ ಉಡುಗೊರೆ ಕೊಟ್ಟು ದ್ವೀಪಕ್ಕೆ ಬಿಟ್ಟುಬಂದರು. ಆ ಮಕ್ಕಳು ಉಡುಗೊರೆಯ ಜೊತೆ ಇನ್ನೇನನ್ನು ಒಯ್ದರೋ. ಒಂದು ದಡಕ್ಕೆ ಕಾಲಿಡುವವನು ತಾನೇ ಮೊದಲಿಗನೆಂದು ಭಾವಿಸುತ್ತಾನೆ. ಅವನಿಗಿಂತ ಮೊದಲು ಯಾರು ಬಂದಿದ್ದರು, ಏನು ಮಾಡಿ ಹೋದರು ಎಂಬುದು ದಡದವರಿಗೆ ಗೊತ್ತಿರುತ್ತದೆ. 1839ರಲ್ಲಿ ಪೆಸಿಫಿಕ್‌ನ ಎರೊಮಾಂಗೊ ದ್ವೀಪದಲ್ಲಿ ಜಾನ್ ವಿಲಿಯಮ್ಸ್ ಎಂಬ ಮಿಷನರಿ ಸತ್ತದ್ದರ ಹಿಂದೆಯೂ ಗಂಧದ ಮರದ ವ್ಯಾಪಾರಿಗಳು ನಡೆಸಿದ್ದ ಅನಾಚಾರಗಳಿದ್ದವು.

ಈಗ ನನ್ನ ಸರದಿ.

ಎಂಟು ತಿಂಗಳ ಹಿಂದೆ ನಾವು ಮೊದಲ ಬಾರಿ ಅಲ್ಲಿಗೆ ಹೋದೆವು, ಮೂರು ದಿನದ ಮಟ್ಟಿಗೆ. ಹೊಳೆ ದಾಟುವ ಬೆಳಿಗ್ಗೆ ನನ್ನ ಗಂಟಲು ಕೆರೆಯುತ್ತಿತ್ತು. ನಡಿಗೆಯ ಧೂಳು ಎಂದುಕೊಂಡೆ. ಅಂದುಕೊಳ್ಳಬೇಕೆಂದೇ ಅಂದುಕೊಂಡೆ. ಎರಡು ಮಾತ್ರೆ ನುಂಗಿದೆ, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಾನೊಬ್ಬಳೇ ಈಚೆ ದಡದಲ್ಲಿ ಉಳಿಯಬೇಕಾಗುತ್ತಿತ್ತು, ಅಥವಾ ಎಲ್ಲರೂ ಹಿಂದಿರುಗಬೇಕಾಗುತ್ತಿತ್ತು. ಎರಡು ವರ್ಷದ ಪ್ರಾರ್ಥನೆ, ಸಭೆಯವರ ಕಾಣಿಕೆ, ಮುಂದಿನ ಭಾನುವಾರ ನಾವು ಹೇಳಬೇಕಾಗಿದ್ದ ಸಾಕ್ಷಿ, ಎಲ್ಲವೂ ಆ ಗಂಟಲಿನ ಎದುರು ನಿಂತಿದ್ದವು.

ಎರಡನೆಯ ದಿನ ಮಧ್ಯಾಹ್ನ ಒಂದು ಮನೆಯ ನೆರಳಿನಲ್ಲಿ ಕೂತಿದ್ದೆವು. ನನಗೆ ನೀರು ಕೊಟ್ಟರು. ಅರ್ಧ ಕುಡಿದು ಪಾತ್ರೆಯನ್ನು ಕೆಳಗಿಡುವಷ್ಟರಲ್ಲಿ ಪಕ್ಕದಲ್ಲಿದ್ದ ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಾನೊಂದು ಗುಟುಕು ಕುಡಿದು, ಉಳಿದದ್ದನ್ನು ತೊಡೆಯ ಮೇಲಿದ್ದ ಮಗುವಿನ ಬಾಯಿಗೆ ಹಿಡಿದಳು. ನಾನು ಕೈ ಚಾಚಿ ತಡೆಯಬಹುದಿತ್ತು. ತಡೆಯಲು ಬೇಕಾದ ಪದವೂ ನನಗೆ ಗೊತ್ತಿತ್ತು, ಮೂರು ವಾರ ತಪ್ಪಾಗಿ ಬಳಸಿದ್ದ ಅದೇ ಪದ. ಆದರೆ ಕಾರಣ ಹೇಳಬೇಕಾಗುತ್ತಿತ್ತು. ಮಗು ಕುಡಿಯಿತು. ಹಿಂದಿರುಗುವ ದಾರಿಯಲ್ಲಿ ನನಗೆ 101 ಡಿಗ್ರಿ ಜ್ವರ. ಮೂವರು ಸಂಗಡಿಗರು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಸೇವೆಯಲ್ಲಿ ಬಳಲಿದವಳಿಗಾಗಿ.

ಎರಡು ತಿಂಗಳ ಮೇಲೆ ಅಲ್ಲಿಂದ ಯಾರೋ ಹೊಳೆ ದಾಟಿ ಬಂದಾಗ ಅಕ್ಕ ಸುದ್ದಿ ಕೇಳಿಕೊಂಡು ಬಂದಳು. ಎಲ್ಲರೂ ಚೆನ್ನಾಗಿದ್ದಾರೆ. ಕೆಲವರಿಗೆ ಕೆಮ್ಮು ಬಂದಿತ್ತು, ಆ ತಿಂಗಳಲ್ಲಿ ಬರುವಂಥದ್ದೇ. ಒಬ್ಬ ಅಜ್ಜಿ ಹೋದಳು, ತುಂಬ ವಯಸ್ಸಾಗಿತ್ತು. ಯಾವ ಅಜ್ಜಿ ಎಂದು ನಾನು ಕೇಳಲಿಲ್ಲ. ಈವರೆಗೂ ಕೇಳಿಲ್ಲ.

ಸಂಗಡಿಗರಿಗೆ ಹೇಳಿದ್ದು ಆ ರಾತ್ರಿಯೇ. ಅಪರಾಧಭಾವ ಸೈತಾನನ ಹಳೆಯ ಆಯುಧ ಎಂದು ನಮ್ಮ ತಂಡದ ಹಿರಿಯರು ಸಮಾಧಾನ ಹೇಳಿದರು. ಒಳ್ಳೆಯ ಮನುಷ್ಯ, ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಅದು ಮುಲಾಮಿನಂತೆ ಕಾಣಲಿಲ್ಲ, ಗಾಯಕ್ಕೆ ಮುಚ್ಚಿದ ಬಟ್ಟೆಯಂತೆ ಕಂಡಿತು. ಮತ್ತೆ ಹೋಗುವುದಾದರೆ ಹೊರಡುವ ಮೊದಲು 14 ದಿನ ಪ್ರತ್ಯೇಕವಾಗಿರಬೇಕು ಎಂದೆ. ಒಬ್ಬರಿಗೆ ನೆಗಡಿಯಾದರೂ ನಾಲ್ವರೂ ನಿಲ್ಲಬೇಕು, ಅನುಮತಿ ಕಾಗದದಲ್ಲಿ ಮಾತ್ರವಲ್ಲ, ಹೊಳೆಯ ದಡದಲ್ಲೂ ಕೇಳಬೇಕು ಎಂದೆ. ತಿಂಗಳುಗಟ್ಟಲೆ ಜಗಳವಾಯಿತು. ಬಾಗಿಲು ತೆರೆದಿರುವಾಗ ಹೊಸ್ತಿಲಲ್ಲಿ ಕೂರುವವರು ನಾವಾಗಬಾರದು ಎಂದರು ಒಬ್ಬರು. ಆ ಬಾಗಿಲು ಯಾರ ಮನೆಯದು ಎಂದು ನಾನು ಕೇಳಿದೆ. ಕಡೆಗೆ ಒಪ್ಪಿದರು, ಅರೆಮನಸ್ಸಿನಿಂದ.

ನಮ್ಮ ಸಭೆಯ ಹೊರಗಿನ ಗೆಳತಿಯರು ಇದನ್ನೆಲ್ಲ ಕೇಳಿ, ‘ಹಾಗಾದರೆ ಹೋಗುವುದೇ ಯಾಕೆ?’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ವ್ಯಾಪಾರಿ ಹೋಗುತ್ತಾನೆ, ಮರ ಕಡಿಯುವವನು ಹೋಗುತ್ತಾನೆ, ನಾವು ಅವರಿಗಿಂತ ಮೇಲಲ್ಲವೇ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಅದು ದಡಕ್ಕೆ ಬಂದ ಪ್ರತಿಯೊಬ್ಬನೂ ಹೇಳಿದ ಉತ್ತರ. ನನ್ನ ನಿಜವಾದ ಉತ್ತರ ಇಷ್ಟು ಜಾಣತನದ್ದಲ್ಲ. ನನ್ನ ಬದುಕನ್ನು ಹಿಡಿದು ನಿಲ್ಲಿಸಿದ್ದು ಯೇಸು. ಅದನ್ನು ಹೇಳದೆ ಇರಲಾರೆ. ಕೇಳಲೇಬೇಕೆಂಬ ಋಣ ಮಾತ್ರ ಅವರಿಗಿಲ್ಲ.

ಬಹುಶಃ ಸತ್ಯವೇದವೇ ಇದನ್ನು ನಮಗಿಂತ ಚೆನ್ನಾಗಿ ಬಲ್ಲದು. ಲೂಕನ 10ನೆಯ ಅಧ್ಯಾಯದಲ್ಲಿ ಯೇಸು ಎಪ್ಪತ್ತು ಮಂದಿಯನ್ನು ಕಳುಹಿಸುವಾಗ ಹಣದ ಚೀಲ ಬೇಡ, ಜೋಳಿಗೆ ಬೇಡ, ಕೆರ ಬೇಡ ಎನ್ನುತ್ತಾನೆ. ಕೊಟ್ಟದ್ದನ್ನು ಉಣ್ಣಿರಿ ಎನ್ನುತ್ತಾನೆ. ಅಂದರೆ ಕೊಡುವವರಾಗಿ ಅಲ್ಲ, ಬೇಡುವವರಾಗಿ ಹೋಗಿರಿ. ಸ್ವೀಕರಿಸದಿದ್ದರೆ ಕಾಲಿಗೆ ಅಂಟಿದ ಧೂಳನ್ನು ಒರೆಸಿ ಹೊರಟುಬಿಡಿ ಎಂದೂ ಅಲ್ಲೇ ಇದೆ. ಈ ಧೂಳಿನ ಮಾತನ್ನು ನಮ್ಮಲ್ಲಿ ಶಾಪದಂತೆ ಬೋಧಿಸುತ್ತಾರೆ. ನಾನು ಈಚೆಗೆ ಅದನ್ನು ಒಂದು ಅನುಮತಿಯಂತೆ ಓದುತ್ತಿದ್ದೇನೆ: ಅವರು ಬೇಡವೆನ್ನಬಹುದು, ನೀವು ಹಿಂದಿರುಗಬಹುದು. ಹೊಕ್ಕುವುದು ಹೇಗೆಂದು ಎರಡು ವರ್ಷ ಕಲಿಸಿದ ತರಬೇತಿಯಲ್ಲಿ ಹಿಂದಿರುಗುವುದು ಹೇಗೆಂಬ ಪಾಠವೇ ಇರಲಿಲ್ಲ.

ತರಬೇತಿಯಲ್ಲಿ ಮತ್ತೆ ಮತ್ತೆ ಕೇಳಿದ್ದು ಡಾನ್ ರಿಚರ್ಡ್‌ಸನ್‌ನ ಕಥೆ. 1962ರಲ್ಲಿ ಈ ಮಿಷನರಿ ನ್ಯೂಗಿನಿಯ ಸಾವಿ ಎಂಬ ಜನರ ನಡುವೆ ಹೋದಾಗ ಅವರು ಸುವಾರ್ತೆಯಲ್ಲಿ ಯೇಸುವಿಗೆ ದ್ರೋಹ ಬಗೆದ ಯೂದನನ್ನು ನಾಯಕನೆಂದು ಮೆಚ್ಚಿಕೊಂಡರಂತೆ, ಯಾಕೆಂದರೆ ನಂಬಿಸಿ ಮೋಸ ಮಾಡುವುದು ಅವರಲ್ಲಿ ದೊಡ್ಡ ಕಲೆ. ಮುಂದೆ ಶತ್ರುಗಳ ನಡುವೆ ಮಗುವನ್ನು ಒಪ್ಪಿಸಿ ಶಾಂತಿ ಮಾಡಿಕೊಳ್ಳುವ ಅವರದೇ ಪದ್ಧತಿ ಅವನಿಗೆ ಕೀಲಿಕೈಯಾಯಿತು. ಸೊಗಸಾದ ಕಥೆ. ಕೀಲಿಕೈ ಎಂಬ ಮಾತು ಮಾತ್ರ ನನಗೆ ಹಿಡಿಸುವುದಿಲ್ಲ, ಒಂದು ಜನರ ಬದುಕೆಲ್ಲ ನಮಗಾಗಿ ಕಾದು ಕೂತ ಬೀಗವೋ ಎಂಬಂತೆ. ಒಮ್ಮೆಯೂ ಕೇಳದ್ದು ಡೇನಿಯಲ್ ಎವರೆಟ್‌ನ ಕಥೆ. 1977ರಲ್ಲಿ ಬ್ರೆಜಿಲ್‌ನ ಪಿರಹಾ ಜನರಿಗೆ ಸುವಾರ್ತೆ ಹೇಳಲು ಹೋದವನು ಅವನು. ಆ ಯೇಸುವನ್ನು ನೀನು ಕಣ್ಣಾರೆ ಕಂಡಿದ್ದೀಯಾ ಎಂದು ಅವರು ಕೇಳುತ್ತಿದ್ದರು. ಕೊನೆಗೆ ನಂಬಿಕೆ ಕಳೆದುಕೊಂಡದ್ದು ಅವನೇ. ಈ ಕಥೆ ಓದಿ ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ನನ್ನ ನಂಬಿಕೆ ಅಲುಗಲಿಲ್ಲ ಎನ್ನಲಾರೆ. ಆದರೆ ಎರಡು ಕಡೆಯವರೂ ಬದಲಾಗಬಹುದಾದ ಮಾತಿಗೆ ಮಾತ್ರ ಮಾತುಕತೆ ಎಂಬ ಹೆಸರು ಒಪ್ಪುತ್ತದೆ ಎಂದು ಆಗ ತಿಳಿಯಿತು.

ನಮ್ಮ ಕಿಟೆಲ್ ಕೂಡ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದದ್ದು ಬೋಧಿಸಲು. ಅವರು ಬಿಟ್ಟು ಹೋದದ್ದು 1894ರಲ್ಲಿ ಅಚ್ಚಾದ ಸುಮಾರು 70,000 ಪದಗಳ ನಿಘಂಟು. ಅಷ್ಟು ಪದಗಳನ್ನು ಕೂಡಿಸಬೇಕಾದರೆ ಆ ಮನುಷ್ಯ ಎಷ್ಟು ವರ್ಷ ಬಾಯಿ ಮುಚ್ಚಿ ಕಿವಿ ತೆರೆದು ಕೂತಿದ್ದರೋ. ನನ್ನ ನೋಟ್‌ಪುಸ್ತಕದಲ್ಲಿ ಇವತ್ತಿಗೆ 640 ಪದಗಳಿವೆ. ಅವುಗಳಲ್ಲಿ ಎಷ್ಟಕ್ಕೆ ‘ಚೆನ್ನಾಗಿದೆ’ಯ ಗತಿ ಕಾದಿದೆಯೋ.

ನಿನ್ನೆ ಸಂಜೆ ಅಕ್ಕ ಫೋನ್ ಮಾಡಿದ್ದಳು. ಹೊಳೆಯ ದಡದಲ್ಲಿ ನಿಂತು ಹೇಳಬೇಕಾದ ಮಾತನ್ನು ಒಪ್ಪಿಸು ಎಂದಳು. ನಾನು ಎರಡು ವಾರದಿಂದ ಉರುಹೊಡೆದದ್ದನ್ನು ಹೇಳಿದೆ: ನಾವು ಈ ದಡದಲ್ಲೇ ಕಾಯುತ್ತೇವೆ. ನೀವು ಕರೆದರೆ ಬರುತ್ತೇವೆ. ಬೇಡವೆಂದರೆ ಹಿಂದಿರುಗುತ್ತೇವೆ.

ಆಚೆಯಿಂದ ಸದ್ದೇ ಇಲ್ಲ. ಆಮೇಲೆ ನಗು. ಹಳೆಯ ತಪ್ಪನ್ನು ತಿದ್ದಿಕೊಳ್ಳುವ ಭರದಲ್ಲಿ ನಾನೀಗ ಎಲ್ಲ ಕಡೆಯೂ ಸೇರಿಸಿಕೊಳ್ಳುವ ‘ನಾವು’ವನ್ನೇ ತುರುಕಿಬಿಟ್ಟಿದ್ದೆ. ‘ಅವರನ್ನೂ ಕಟ್ಟಿಕೊಂಡು ಯಾವ ದಡದಲ್ಲಿ ಕಾಯುತ್ತೀಯೇ?’ ಎಂದಳು. ‘ಅವರು ಅವರ ಮನೆಯಲ್ಲಿರಲಿ. ಇಲ್ಲಿ ಆ ಇನ್ನೊಂದು ನಾವು.’

ಬದಲಿಸಿ ಹೇಳಿದೆ. ಇನ್ನೊಮ್ಮೆ ಎಂದಳು, ಇನ್ನೊಮ್ಮೆ ಹೇಳಿದೆ. ನಾಲ್ಕನೆಯ ಸಲಕ್ಕೆ ಆ ಚಿಕ್ಕ ಶಬ್ದ ಕೇಳಿಸಿತು, ಸಾಕು ಎಂದು. ಫೋನ್ ಇಟ್ಟು ಥರ್ಮಾಮೀಟರ್ ತೆಗೆದುಕೊಂಡೆ. 98.1. ಕೆಮ್ಮಿಲ್ಲ.